ಹೇಳದೆ ಬಿಟ್ಟರೆ ಹಳೆಯ ಪದ್ಧತಿ

ಕಂಪ್ಯೂಟರಿಗೂ ಸಂಸಾರಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ನನ್ನ ಮಗಳು ಬಿಡಿಸಿ ಹೇಳುವವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಐಬಿಎಂ ಕಂಪನಿಯವರು 1988ರಲ್ಲಿ ಎಎಸ್/400 ಎಂಬ ಕಂಪ್ಯೂಟರನ್ನು ತಂದರು. ವ್ಯಾಪಾರ ವಹಿವಾಟಿನ ಲೆಕ್ಕಪತ್ರಕ್ಕೆಂದು ಮಾಡಿದ ಯಂತ್ರ. ಅದರ ಪೀಳಿಗೆಯವು ಇಂದಿಗೂ ದುಡಿಯುತ್ತಿವೆ. ಅದಕ್ಕೆ ಪ್ರೋಗ್ರಾಂ ಬರೆದು ಕಂಪೈಲ್ ಮಾಡುವಾಗ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವಾಗ, ಅದು ಯಾವ ‘ಆಕ್ಟಿವೇಶನ್ ಗ್ರೂಪ್’ನಲ್ಲಿ ಇರಬೇಕೆಂದು ತಿಳಿಸಬೇಕಂತೆ. ಪ್ರೋಗ್ರಾಮಿನ ನೆನಪು, ಅದು ತೆರೆದಿಟ್ಟ ಫೈಲುಗಳು ಇರುವ ಮನೆ ಅದು ಎಂದುಕೊಳ್ಳಿ.

ದಾರಿ ಮೂರು. ಕರೆದವರ ಮನೆಯಲ್ಲೇ ಇರುವುದು ಒಂದು. ತೆರೆದ ಫೈಲನ್ನು ಹಂಚಿಕೊಳ್ಳಬಹುದು, ಆದರೆ ಆ ಮನೆಯ ಕಟ್ಟಳೆ ತನಗೂ ತಗಲುತ್ತದೆ. ಪ್ರತಿ ಸಲವೂ ಹೊಸ ಮನೆ ಹೂಡಿ, ಕೆಲಸ ಮುಗಿದೊಡನೆ ಕಿತ್ತುಹಾಕುವುದು ಇನ್ನೊಂದು. ಮದುವೆಮನೆಯ ಹಿತ್ತಲಲ್ಲಿ ಹೂಡುವ ಒಲೆಯ ಹಾಗೆ. ಶುಚಿಯೇನೋ ಹೌದು, ಆದರೆ ಸಾವಿರ ಸಲ ಕರೆದರೆ ಸಾವಿರ ಸಲ ಒಲೆ ಹೂಡಬೇಕು, ಯಂತ್ರ ಏದುತ್ತದೆ. ಮೂರನೆಯದು, ಹೆಸರಿಟ್ಟ ಸ್ವಂತ ಮನೆ. ಕೆಲಸ ಮುಗಿದು ಹಿಂದಿರುಗಿದರೂ ಮನೆ ಉಳಿಯುತ್ತದೆ. ಮತ್ತೆ ಕರೆದಾಗ ಇಟ್ಟದ್ದು ಇಟ್ಟಲ್ಲೇ ಸಿಗುತ್ತದೆ. ಬೇಡವಾದಾಗ ತೆರವು ಮಾಡಿಸಬಹುದು, ಇಲ್ಲವೇ ‘ಜಾಬ್’ ಮುಗಿದಾಗ ತಾನೇ ಹೋಗುತ್ತದೆ.

ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? 1923ರಲ್ಲಿ ಕುಲುಮೆ ಹೊತ್ತಿಸಿದ ನಮ್ಮೂರ ಕಬ್ಬಿಣದ ಕಾರ್ಖಾನೆಯ ನೆರಳಲ್ಲಿ ಎಷ್ಟು ಸಂಸಾರಗಳು ಕ್ವಾರ್ಟರ್ಸಿನಲ್ಲಿ ಬೆಳೆದವು! ನೌಕರಿ ಇರುವಷ್ಟು ದಿನ ಮನೆ. ಅಪ್ಪ ನಿವೃತ್ತರಾದಾಗ ಅಮ್ಮ ಮಲ್ಲಿಗೆ ಬಳ್ಳಿಯನ್ನು ಅಲ್ಲೇ ಬಿಟ್ಟು ಬಂದಳು.

ಮಗಳು ಹೇಳಿದ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆರ್‌ಪಿಜಿ ಎಂಬ ಭಾಷೆಯಲ್ಲಿ ಬರೆದು ನೇರವಾಗಿ ಕಂಪೈಲ್ ಮಾಡುವಾಗ ಗ್ರೂಪಿನ ವಿಷಯ ಏನೂ ಹೇಳದಿದ್ದರೆ, ಯಂತ್ರ ಅದನ್ನು ಹಳೆಯ ಪದ್ಧತಿಗೇ ಸೇರಿಸುತ್ತದಂತೆ. “ಸುಮ್ಮನಿದ್ದರೆ ಅದೂ ಒಂದು ಉತ್ತರವೇ ಅಮ್ಮಾ” ಎಂದಳು.

ಅಪ್ಪನ ಕ್ವಾರ್ಟರ್ಸು, ಗಂಡನ ಮನೆ, ಕೊನೆಗೆ ಮಕ್ಕಳ ಮನೆ. ನಮ್ಮಲ್ಲಿ ಎಷ್ಟು ಜನ ಬಾಯಿಬಿಟ್ಟು ಆರಿಸಿದ್ದೇವೆ? ಇನ್ನೆರಡು ವರ್ಷಕ್ಕೆ ನನಗೂ ನಿವೃತ್ತಿ. ಬೆಂಗಳೂರಿಗೆ ಹೋಗುತ್ತೇನೆಂದೇ ಎಲ್ಲರೂ ಎಣಿಸಿದ್ದಾರೆ, ಯಾರೂ ಕೇಳಿಲ್ಲ. ಕೇಳುವವರೆಗೆ ಕಾಯದೆ ಮಗಳಿಗೆ ಹೇಳಿಬಿಟ್ಟೆ: “ಕರೆದಾಗ ಬರುತ್ತೇನೆ, ಬೇಕಾದಷ್ಟು ದಿನ ಇರುತ್ತೇನೆ. ನನ್ನ ಮನೆ ಮಾತ್ರ ಇಲ್ಲೇ.”

ಅವಳು ನಕ್ಕಳು. “ಹೆಸರಿಟ್ಟೆ ಅನ್ನು” ಎಂದಳು.