ಗಾಡಿಗೊಂದು ಬಾಯಿ

೨೦೦೧ನೆಯ ಇಸವಿಯಲ್ಲಿ ತೆಂಗು ಕೈತುಂಬ ಫಲ ಕೊಟ್ಟಿತೆಂದು ನಮ್ಮ ತಂದೆಯವರು ಒಂದು ಪಿಕಪ್ ಗಾಡಿಯನ್ನು ಕೊಂಡರು. ಮುಂದೆ ಇಬ್ಬರು ನೆಮ್ಮದಿಯಾಗಿ ಕೂರಬಹುದು. ಮೂರನೆಯವರು ಕೂರಲೇಬೇಕೆಂದರೆ ಗೇರಿನ ಕೋಲನ್ನು ಮಂಡಿಗಳ ನಡುವೆ ಇರಿಸಿಕೊಳ್ಳಬೇಕು. ಹಿಂದೆ ಕೊಬ್ಬರಿಯ ಚೀಲಗಳು. ನಮ್ಮ ಊರಿನಿಂದ ತಿಪಟೂರಿನ ಮಾರುಕಟ್ಟೆಗೆ ೨೮ ಕಿಲೋಮೀಟರು. ಕೊಬ್ಬರಿ ಹೋದಾಗಲೆಲ್ಲ ಅದರೊಡನೆ ನಮ್ಮ ತಾಯಿಯವರೂ ಹೋಗುತ್ತಿದ್ದರು. ಏಕೆಂದು ಕೇಳಿದರೆ, “ಸಾಮಾನು ತರಬೇಕು” ಎನ್ನುತ್ತಿದ್ದರು. ತರಬೇಕಾದ ಸಾಮಾನು ಒಂದೂ ಇಲ್ಲದ ದಿನವೂ ಹೋಗುತ್ತಿದ್ದರು. ಗಾಡಿ ಹತ್ತಿದ ಕ್ಷಣದಲ್ಲಿ ಆರಂಭವಾದ ಅವರ ಮಾತು ಮಾರುಕಟ್ಟೆಯ ಬಾಗಿಲಿನಲ್ಲಿ ನಿಲ್ಲುತ್ತಿತ್ತು. ಹಿಂದಿರುಗುವಾಗ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ತಂದೆಯವರು “ಹೂಂ” ಎನ್ನುವುದನ್ನು ಬಿಟ್ಟು ಬೇರೆ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಕೆಲವು ವರ್ಷಗಳ ಹಿಂದೆ ತಾಯಿಯವರ ಮಂಡಿಗಳು ಮುಷ್ಕರ ಹೂಡಿದುವು. ಗಾಡಿಯ ಮೆಟ್ಟಿಲೋ ಎತ್ತರದ್ದು. ಮೊದಲು ಒಂದು ಮಣೆಯನ್ನಿಟ್ಟು ಹತ್ತಿಸಿದೆವು. ಅನಂತರ ಅದೂ ಸಾಧ್ಯವಾಗಲಿಲ್ಲ. ತಂದೆಯವರು ಒಬ್ಬರೇ ಹೋಗಿಬರತೊಡಗಿದರು. ಹೀಗಿರಲು ಒಂದು ಮಾಘಮಾಸದ ನಸುಕಿನಲ್ಲಿ, ಇಬ್ಬನಿ ಇನ್ನೂ ಕರಗಿರದ ಹೊತ್ತಿನಲ್ಲಿ, ಗಾಡಿಯ ಎಡಗಡೆಯ ಚಕ್ರಗಳೆರಡೂ ರಸ್ತೆಯನ್ನು ಬಿಟ್ಟು ಒಂದು ರಾಗಿ ಹೊಲದ ಬದುವನ್ನು ಹತ್ತಿದುವು. ಯಾರಿಗೂ ಪೆಟ್ಟಾಗಲಿಲ್ಲ. ತಂದೆಯವರು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಆದರೆ ಹಾಲಿನವನು ಕಂಡಿದ್ದ. “ಯಜಮಾನರಿಗೆ ಕಣ್ಣು ಹತ್ತಿತ್ತು ಅಮ್ಮಾವ್ರೇ” ಎಂದು ಅವನು ಹೇಳಿಬಿಟ್ಟ.

ಬೆಂಗಳೂರಿನಿಂದ ನಾನು ಓಡಿಹೋದೆ. ಎಪ್ಪತ್ತು ದಾಟಿದವರು ಇನ್ನು ಗಾಡಿ ಓಡಿಸುವುದು ಸಾಕು, ಒಬ್ಬ ಡ್ರೈವರನ್ನು ಇಡೋಣ ಎಂದೆ. ತಂದೆಯವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ತಾಯಿಯವರು ಸಂಧಾನಕ್ಕೆ ನಿಂತರು. “ಬೆಳಕು ಹರಿಯುವ ಮೊದಲು ಹೊರಡಕೂಡದು. ರಾತ್ರಿ ಸರಿಯಾಗಿ ನಿದ್ದೆ ಮಾಡಬೇಕು. ನೀನು ಗಾಡಿಗೆ ಒಂದು ರೇಡಿಯೋ ಹಾಕಿಸಿಕೊಡು, ಮಗು. ನಾನಿಲ್ಲದಿದ್ದರೆ ಅದಾದರೂ ಮಾತನಾಡುತ್ತಿರಲಿ.”

“ರೇಡಿಯೋ ಹಾಡಿದರೆ ಗಾಡಿಯ ಮಾತು ಕೇಳುವುದು ಹೇಗೆ?” ಎಂದರು ತಂದೆಯವರು. ಅವರು ಗೇರು ಬದಲಾಯಿಸುವುದು ಕಿವಿಯಿಂದ. ಎಂಜಿನ್ನಿನ ಸ್ವರ ಒಂದಿಷ್ಟು ದಪ್ಪವಾದರೆ ಅವರ ಎಡಗೈ ತಾನಾಗಿಯೇ ಮೇಲೇಳುತ್ತದೆ. ಇದು ಅವರೊಬ್ಬರ ಆಕ್ಷೇಪಣೆಯಲ್ಲ. ೧೯೩೦ರಲ್ಲಿ ಚಿಕಾಗೋದ ಪಾಲ್ ಗ್ಯಾಲ್ವಿನ್ ಎಂಬಾತ ತನ್ನ ಕಾರಿನಲ್ಲಿ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಒಳಗೆ ಮಳಿಗೆಯಿಲ್ಲದ್ದರಿಂದ ಹೊರಗೇ ಕಾರು ನಿಲ್ಲಿಸಿ, ಹೋಗಿಬರುವವರ ಕಿವಿಗೆ ಬೀಳುವಂತೆ ಹಾಡಿಸಿದ. ಮೋಟೊರೋಲಾ ಎಂಬ ಹೆಸರು ಹುಟ್ಟಿದ್ದು ಆ ವ್ಯಾಪಾರದಿಂದ. ಆ ಕಾಲದಲ್ಲೇ ಅಮೆರಿಕದಲ್ಲಿ ಕೆಲವರು, ಇದರಿಂದ ಚಾಲಕರ ಗಮನ ಕೆಡುತ್ತದೆ, ಇದನ್ನು ನಿಷೇಧಿಸಬೇಕು ಎಂದು ಕೂಗೆಬ್ಬಿಸಿದ್ದರು. ಇದನ್ನು ನಾನು ತಂದೆಯವರಿಗೆ ಹೇಳಲಿಲ್ಲ. ಎದುರು ಪಕ್ಷಕ್ಕೆ ಸಾಕ್ಷಿ ಒದಗಿಸುವಷ್ಟು ಧರ್ಮರಾಯ ನಾನಲ್ಲ.

ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಅಂಗಡಿಯವನು ಒಂದು ಡಬ್ಬವನ್ನು ಮುಂದಿಟ್ಟು “ಇನ್ನೂರು ವ್ಯಾಟ್” ಎಂದ. ಡಬ್ಬದ ಮೇಲಿನ ವ್ಯಾಟುಗಳು ಮದುವೆಯ ಮಾತುಕತೆಯಲ್ಲಿ ಹೇಳುವ ವರನ ಸಂಬಳವಿದ್ದಂತೆ; ದಿನನಿತ್ಯ ಕೈಗೆ ಬರುವುದು ಅದರಲ್ಲಿ ಅರ್ಧವೂ ಇರದು. ನನಗೆ ಬೇಕಾದದ್ದು ಆಕಾಶವಾಣಿ ಹಿಡಿಯುವ, ಮೊಬೈಲಿಗೆ ತಂತಿಯಿಲ್ಲದೆ ಜೋಡಿಸಿಕೊಳ್ಳುವ ಒಂದು ಸಾಧಾರಣ ಸೆಟ್ಟು, ಎರಡು ಬಾಗಿಲುಗಳಿಗೆ ಆರಂಗುಲದ ಎರಡು ಸ್ಪೀಕರುಗಳು. ಅಷ್ಟನ್ನೇ ಕೊಂಡೆ. ಅಂಗಡಿಯವನೇ ಕೂರಿಸಿಕೊಡುತ್ತಿದ್ದ, ಆದರೆ ಗಾಡಿ ಊರಿನಲ್ಲಿತ್ತು. ಅಲ್ಲದೆ, ಅದನ್ನು ನನ್ನ ಕೈಯಿಂದಲೇ ಮಾಡಬೇಕೆಂಬ ಹಟವೂ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಹಳೆಯ ಕ್ಯಾಸೆಟ್ ಪ್ಲೇಯರು ಯಾವಾಗಲೋ ಸತ್ತು, ಡ್ಯಾಶ್‌ಬೋರ್ಡಿನಲ್ಲಿ ತನ್ನ ಗೂಡಿನಲ್ಲೇ ಮಲಗಿತ್ತು. ಅದನ್ನು ಎಳೆದು ತೆಗೆದರೆ, ಅದೇ ಗೂಡಿನಲ್ಲಿ ಹೊಸದು ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು. ೧೮ ಸೆಂಟಿಮೀಟರು ಅಗಲ, ೫ ಸೆಂಟಿಮೀಟರು ಎತ್ತರ. ಜರ್ಮನರು ಗೊತ್ತುಮಾಡಿದ ಈ ಅಳತೆಯನ್ನು ಲೋಕವೆಲ್ಲ ಒಪ್ಪಿಕೊಂಡಿರುವುದರಿಂದ ಇಪ್ಪತ್ತು ವರ್ಷ ಹಿಂದಿನ ಗೂಡಿಗೂ ಇಂದಿನ ಸೆಟ್ಟಿಗೂ ಜಗಳವಿಲ್ಲ. ಕ್ಯಾಸೆಟ್ಟಿನ ಯಂತ್ರವಿಲ್ಲದ ಹೊಸ ಸೆಟ್ಟಿಗೆ ಆಳವೂ ಕಡಿಮೆ. ಹಿಂದೆ ಕೈ ಹಾಕಲು ಬೇಕಾದಷ್ಟು ಜಾಗ ಉಳಿಯಿತು.

ಬಾಗಿಲುಗಳು ಮಾತ್ರ ನನ್ನ ಗರ್ವವನ್ನಿಳಿಸಿದುವು. ಸ್ಪೀಕರಿನ ಹಿಂದಿನ ಅಯಸ್ಕಾಂತ ದಪ್ಪ. ಬಾಗಿಲಿನೊಳಗೆ ಗಾಜು ಇಳಿಯುವ ಹಾದಿ ಕಿರಿದು. ಗಾಜನ್ನು ಇಳಿಸಿದೊಡನೆ ಅದು ಹೋಗಿ ಅಯಸ್ಕಾಂತಕ್ಕೆ ಬಡಿಯಿತು. ಊರಿನ ಬಡಗಿ ಹಲಸಿನ ಹಲಗೆಯಲ್ಲಿ ಒಂದಂಗುಲ ದಪ್ಪದ ಎರಡು ಬಳೆಗಳನ್ನು ಕೊರೆದುಕೊಟ್ಟ. ಅವುಗಳ ಮೇಲೆ ಕೂರಿಸಿದಾಗ ಸ್ಪೀಕರು ಒಂದಂಗುಲ ಹೊರಗೆ ಬಂದಿತು, ಗಾಜಿಗೆ ದಾರಿಯಾಯಿತು. ಮಳೆಯ ನೀರು ಗಾಜಿನ ಸಂದಿಯಿಂದ ಬಾಗಿಲಿನೊಳಗೆ ಇಳಿಯುವುದುಂಟು. ಆದುದರಿಂದ ಸ್ಪೀಕರಿನ ಬೆನ್ನಿಗೆ ಪ್ಲಾಸ್ಟಿಕ್ಕಿನ ಒಂದು ಕೊಪ್ಪೆಯನ್ನೂ ಹೊದಿಸಿದೆ.

ಹಾಡು ಹಾಕಿದರೆ ಮೃದಂಗದ ಬಲಗೈ ಮಾತ್ರ ಕೇಳುತ್ತಿದೆ. ಎಡದ ಗುಮ್ಮೆನ್ನುವ ನಾದ ಮಾಯವಾಗಿದೆ! ಒಂದು ಬಾಗಿಲಿನಲ್ಲಿ ತಂತಿಗಳನ್ನು ಅದಲುಬದಲು ಮಾಡಿದ್ದೆ. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ಮಂದ್ರದ ನಾದವನ್ನು ಅವೆರಡೂ ಸೇರಿ ನುಂಗಿಬಿಡುತ್ತವೆ. ಗೋಡೆಗಡಿಯಾರದ ಸೆಲ್ಲನ್ನು ತಂದು ತಂತಿಗಳಿಗೆ ಒಂದು ಗಳಿಗೆ ಮುಟ್ಟಿಸಿ, ಸ್ಪೀಕರಿನ ಕಾಗದ ಮುಂದಕ್ಕೆ ಹಾರುತ್ತದೆಯೋ ಹಿಂದಕ್ಕೆ ಸರಿಯುತ್ತದೆಯೋ ನೋಡಿ ಸರಿಪಡಿಸಿದೆ. ಗಡಿಯಾರ ಆ ಮಧ್ಯಾಹ್ನವೆಲ್ಲ ಎರಡೂ ಕಾಲಿನಲ್ಲೇ ನಿಂತಿತ್ತು.

ಎಂಜಿನ್ನನ್ನು ಹೊರಡಿಸಿದಾಗ ಹೊಸ ಪೀಡೆ. ಹಾಡಿನ ಹಿಂದೆ ಸೊಳ್ಳೆಯೊಂದು ಗುಂಯ್‌ಗುಡುತ್ತಿತ್ತು; ಆಕ್ಸಿಲರೇಟರು ಒತ್ತಿದಷ್ಟೂ ಅದರ ಶ್ರುತಿ ಏರುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಆದ್ದರಿಂದ ಆ ಚಟಪಟ ಸದ್ದಿನ ಕಾಟವಿಲ್ಲವೆಂದು ನಾನು ನಿಶ್ಚಿಂತನಾಗಿದ್ದೆ. ಇದು ಬ್ಯಾಟರಿಗೆ ವಿದ್ಯುತ್ತು ತುಂಬುವ ಆಲ್ಟರ್ನೇಟರಿನ ಸ್ವರ. ಸೆಟ್ಟಿನ ಕಪ್ಪು ತಂತಿಯನ್ನು ಗಾಡಿಯ ಮೈಗೆ ಬಿಗಿದಿದ್ದೆನಷ್ಟೆ. ಅಲ್ಲಿ ಕಬ್ಬಿಣದ ಮೇಲೆ ಬಣ್ಣವಿತ್ತು. ಉಪ್ಪುಕಾಗದದಿಂದ ತಿಕ್ಕಿ, ಲೋಹ ಬೆಳ್ಳಗೆ ಹೊಳೆದ ಮೇಲೆ ಮತ್ತೆ ಬಿಗಿದೆ. ಸೊಳ್ಳೆ ಹಾರಿಹೋಯಿತು. ತಂದೆಯವರು ಜಗಲಿಯಿಂದಲೇ, “ಅದು ನಿಂತಿತು” ಎಂದರು. ನಾನು ಕೇಳಿರಲಿಲ್ಲ, ಅವರು ಅಷ್ಟು ಹೊತ್ತೂ ಕಿವಿಗೊಟ್ಟಿದ್ದರು.

ಬೆಂಗಳೂರಿಗೆ ಹಿಂದಿರುಗಿದ ಮೂರನೆಯ ದಿನ ದೂರವಾಣಿ ಬಂದಿತು. ಚೀಲಗಳನ್ನು ಹೇರಿಯಾಗಿದೆ, ಗಾಡಿ ಮಿಸುಕುವುದಿಲ್ಲ. ಬ್ಯಾಟರಿ ಬರಿದಾಗಿತ್ತು. ತಪ್ಪು ನನ್ನದೇ. ಸೆಟ್ಟಿನಲ್ಲಿ ಹಳದಿ ತಂತಿ ಅದರ ನೆನಪಿಗಾಗಿ. ಅದಕ್ಕೆ ಸದಾ ವಿದ್ಯುತ್ತು ಬೇಕು. ಕೆಂಪು ತಂತಿ ಬೀಗದ ಕೈ ತಿರುಗಿಸಿದಾಗ ಮಾತ್ರ ಎಚ್ಚರಗೊಳ್ಳಬೇಕು. ಕತ್ತಲಾಯಿತೆಂಬ ಅವಸರದಲ್ಲಿ ಎರಡನ್ನೂ ಒಟ್ಟಿಗೆ ಹೊಸೆದಿದ್ದೆ. ಪಾಪ, ಸೆಟ್ಟು ಹಗಲಿರುಳು ಕಣ್ಣುಬಿಟ್ಟುಕೊಂಡೇ ಇತ್ತು. ನಿದ್ದೆ ಬಾರದಿರಲೆಂದು ತಂದದ್ದು ತಾನೇ ನಿದ್ದೆಗೆಟ್ಟು ಗಾಡಿಯನ್ನು ಮಲಗಿಸಿತ್ತು. ನಾಲ್ವರು ನೂಕಿ ಹೊರಡಿಸಿದರಂತೆ. ಮುಂದಿನ ಭಾನುವಾರ ಹೋಗಿ, ಪರೀಕ್ಷೆಯ ದೀಪ ಹಿಡಿದು ಬೀಗದ ತಂತಿಯನ್ನು ಹುಡುಕಿ, ನಡುವೆ ಒಂದು ಫ್ಯೂಸನ್ನೂ ಇಟ್ಟು ಬಂದೆ. ತಂದೆಯವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಗಾಡಿಯಲ್ಲಿ ಹಾಸನದ ಆಕಾಶವಾಣಿ ಮಾತನಾಡುತ್ತದೆ. ಆಕಾಶವಾಣಿ ಎಂಬ ಹೆಸರು ೧೯೩೫ರಲ್ಲಿ ಮೈಸೂರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ನಡೆಸಿದ ಪ್ರಸಾರದೊಡನೆ ಬಳಕೆಗೆ ಬಂದದ್ದೆಂದು ಹೇಳಿದಾಗ, ತಂದೆಯವರು “ನಮ್ಮವರದ್ದೇನು ಹಾಗಾದರೆ!” ಎಂದು, ಅದರ ಮೇಲೆ ಒಂದಿಷ್ಟು ಗೌರವ ತಾಳಿದರು. ಆದರೂ ಅವರ ದೂರೊಂದು ಉಳಿದೇ ಇತ್ತು: “ಅದು ಹೇಳುತ್ತಲೇ ಹೋಗುತ್ತದೆ. ನಾನು ಹೂಂಗುಟ್ಟಿದೆನೋ ಇಲ್ಲವೋ ಎಂದು ನೋಡುವುದಿಲ್ಲ.”

ಕಳೆದ ಬಾರಿ ಊರಿಗೆ ಹೋದಾಗ ನಾನೂ ಅವರೊಡನೆ ತಿಪಟೂರಿಗೆ ಹೊರಟೆ. ಊರ ಹೊರಗಿನ ಕೆರೆಯ ಏರಿ ದಾಟುವಷ್ಟರಲ್ಲಿ ವಾರ್ತೆ ತಟ್ಟನೆ ನಿಂತು ಗಂಟೆ ಬಾರಿಸಿತು. ತಂದೆಯವರು ರಸ್ತೆಯಿಂದ ಕಣ್ಣು ತೆಗೆಯದೆ ಸೆಟ್ಟಿನ ಗುಂಡಿಯನ್ನೊತ್ತಿದರು. ಎರಡೂ ಬಾಗಿಲುಗಳಿಂದ ತಾಯಿಯವರ ಧ್ವನಿ! ತಂಗಿಯ ಮಗಳ ಸೀಮಂತ, ಬಾವಿಯ ಪಂಪು, ನೆರೆಮನೆಯ ಹಸು. ನಾನು ಬಾಗಿ, “ಅಮ್ಮಾ, ಈ ಎಂಜಿನ್ನಿನ ಗದ್ದಲದಲ್ಲಿ ಅಪ್ಪನ ಮಾತು ನಿನಗೆ ಕೇಳುವುದೇ?” ಎಂದೆ.

“ಅವರ ಮಾತು ಎಂದಿತ್ತು, ಮಗು? ನನಗೆ ಕೇಳುವುದು ಗಾಡಿಯದು. ಅದು ಸರಿಯಾಗಿ ಓಡುತ್ತಿದ್ದರೆ ಎಚ್ಚರವಾಗಿದ್ದಾರೆ ಎಂದರ್ಥ.” ಒಂದು ಕ್ಷಣ ಬಿಟ್ಟು, “ಏನೂಂದ್ರೆ, ಉಬ್ಬು ಬಂತಲ್ಲ, ಗೇರು ಇಳಿಸಿ” ಎಂದರು.

ನಿಜವಾಗಿಯೂ ರಸ್ತೆ ಏರುತ್ತಿತ್ತು. “ಮೊದಲು ಎಡಗಿವಿಗಷ್ಟೇ ಕೇಳುತ್ತಿತ್ತು, ನೀನು ಎರಡೂ ಕಿವಿಗೂ ಹಾಕಿಸಿಕೊಟ್ಟೆ” ಎಂದು ಗೊಣಗುತ್ತ ತಂದೆಯವರು ಗೇರು ಇಳಿಸಿದರು. ಅನಂತರ ಸ್ವಲ್ಪ ಗಟ್ಟಿಯಾಗಿಯೇ “ಹೂಂ” ಎಂದರು.