ಚಾಲಕನ ನಿಯಂತ್ರಣ ತಪ್ಪಿ...

ದಾವಣಗೆರೆಯಲ್ಲಿ "ಟ್ರ್ಯಾಕ್ ಡೇಗೆ ಹೋಗಿದ್ದೆ" ಅಂತ ಹೇಳಿದರೆ ಮೊದಲು ಬರೋ ಪ್ರಶ್ನೆ, "ಎಷ್ಟನೇ ನಂಬರ್ ಬಂದೆ?" ಎರಡನೇದು, "ಪ್ರೈಜ್ ಎಷ್ಟು ಕೊಟ್ರು?" ನಂಬರೂ ಇಲ್ಲ, ಪ್ರೈಜೂ ಇಲ್ಲ, ನಾವೇ ದುಡ್ಡು ಕಟ್ಟಬೇಕು ಅಂದರೆ ಎದುರಿಗಿದ್ದವರು ಒಂದು ಥರಾ ನೋಡುತ್ತಾರೆ. ಹರಿಹರದಲ್ಲಿರೋ ನನ್ನ ಸೋದರಮಾವ ಮಾತ್ರ ನೇರವಾಗಿ ಕೇಳಿದರು: "ಅಲ್ಲಲೇ, ರೊಕ್ಕ ಕೊಟ್ಟು ಗಾಡಿ ಗರಗರ ತಿರುಗಿಸ್ಕೊಂಡು ಬಂದ್ಯಾ?"

ಹೌದು, ಹಾಗೇ ಆಯ್ತು :-)

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ರೇಸ್ ಟ್ರ್ಯಾಕನ್ನು ಒಂದು ದಿನ ಬಾಡಿಗೆಗೆ ಹಿಡಿದು, ನಮ್ಮಂಥವರು ದಿನಾ ಆಫೀಸಿಗೆ ಓಡಿಸೋ ಕಾರನ್ನೇ ಅಲ್ಲಿ ಓಡಿಸಲು ಬಿಡುತ್ತಾರೆ. ಹೆಲ್ಮೆಟ್ ಕಡ್ಡಾಯ. ಮುಂದಿನವರು ಕೈ ತೋರಿಸಿ ದಾರಿ ಬಿಟ್ಟರೆ ಮಾತ್ರ ಓವರ್‌ಟೇಕ್. ಟ್ರ್ಯಾಕಿಗೆ ಇಳಿಯುವ ಮೊದಲು ಕಾರನ್ನು ತಪಾಸಣೆ ಮಾಡುತ್ತಾರೆ. ಬ್ರೇಕ್ ಪ್ಯಾಡ್, ಟೈರು, ಎಲ್ಲಾದರೂ ಆಯಿಲ್ ಸೋರುತ್ತಿದೆಯಾ, ಬ್ಯಾಟರಿ ಅಲ್ಲಾಡುತ್ತಿದೆಯಾ, ಎಲ್ಲ ನೋಡುತ್ತಾರೆ. ಕಾರಿನೊಳಗೆ ಬಿಡಿಯಾಗಿರೋ ಒಂದು ವಸ್ತುವೂ ಇರಕೂಡದು. ಜಾಕ್, ನೀರಿನ ಬಾಟಲಿ, ಕೊನೆಗೆ ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಗಣಪತಿಯೂ ಕೆಳಗಿಳಿಯಬೇಕಾಯ್ತು. "ಅವನನ್ನೇ ಇಳಿಸಿಬಿಟ್ರೆ ಕಾಯೋರು ಯಾರು?" ಅಂದೆ. ತಪಾಸಣೆ ಮಾಡುತ್ತಿದ್ದ ಹುಡುಗ ನಗಲಿಲ್ಲ. "ಕಾರು ಗಕ್ಕನೆ ನಿಂತರೆ ಅದು ಹಾರಿ ಬಂದು ಮುಖಕ್ಕೇ ಬಡಿಯುತ್ತೆ ಸಾರ್" ಅಂದ.

ನಾನು ಹೋಗಿದ್ದು 2022ರ ನವೆಂಬರ್‌ನಲ್ಲಿ, ಕೊಯಮತ್ತೂರು ಹತ್ತಿರ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇಗೆ. ದಾವಣಗೆರೆಯಿಂದ ಸುಮಾರು 600 ಕಿಲೋಮೀಟರು. 'ಕರಿ' ಅಂದರೆ ನಮ್ಮ ಕಪ್ಪು ಕರಿ ಅಲ್ಲ, ಎಸ್. ಕರಿವರ್ಧನ್ ಹೆಸರಿನ ಕರಿ. ಕೊಯಮತ್ತೂರಿನ ಈ ಮನುಷ್ಯ ರೇಸರ್ ಕೂಡ ಹೌದು, ಕಡಿಮೆ ಖರ್ಚಿನಲ್ಲಿ ಇಲ್ಲಿನ ಹುಡುಗರಿಗೆ ಸಿಗುವಂತೆ ರೇಸ್ ಕಾರುಗಳನ್ನು ಕಟ್ಟಿದವರೂ ಹೌದು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಶುರುವಾದ ಈ ಟ್ರ್ಯಾಕಿಗೆ ಅವರ ಹೆಸರಿಟ್ಟರು. ಉದ್ದ 2.1 ಕಿಲೋಮೀಟರ್ ಅಷ್ಟೇ. ಆದರೆ ತಿರುವಿನ ಮೇಲೆ ತಿರುವು, ಉಸಿರು ಬಿಡಲು ಪುರುಸೊತ್ತಿಲ್ಲ.

ನನ್ನದು ಹಳೇ ಸ್ವಿಫ್ಟ್. ದಾವಣಗೆರೆ ಹರಿಹರ ಮಧ್ಯೆ ಓಡಾಡಿಕೊಂಡಿದ್ದ ಸಾಧು ಗಾಡಿ. ಇಂಥ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಿದರೆ ಮೊದಲು ಸುಸ್ತಾಗೋದು ಎಂಜಿನ್ ಅಲ್ಲ, ಬ್ರೇಕು. ಐದಾರು ಸುತ್ತು ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಬ್ರೇಕ್ ಆಯಿಲ್ ಕುದಿಯುವಷ್ಟು ಬಿಸಿಯಾಗಿ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ. ಹಾಗಾಗಿ ನಾಲ್ಕು ಸುತ್ತು ಹೊಡಿ, ಒಂದು ಸುತ್ತು ನಿಧಾನವಾಗಿ ಹೋಗಿ ತಣ್ಣಗೆ ಮಾಡು, ಒಳಗೆ ಬಾ ಅಂತ ಹೇಳಿಕೊಟ್ಟಿದ್ದರು. ಬೆಳಗಿನ ಎರಡು ಸರದಿ ಹಾಗೇ ಮುಗಿದವು. ಮೂರನೇ ಸರದಿಯ ಮೂರನೇ ಸುತ್ತಿನಲ್ಲಿ ಆಯಿತು ನೋಡಿ...

ನನ್ನ ಮುಂದೆ ಸುಮಾರು ದೂರದಲ್ಲಿದ್ದ ಕಾರೊಂದರ ರೇಡಿಯೇಟರ್ ಹೋಸ್ ಒಡೆದಿತ್ತು. ಎಡ ತಿರುವಿನುದ್ದಕ್ಕೂ ಕೂಲಂಟ್ ಚೆಲ್ಲಿಕೊಂಡು ಹೋಗಿತ್ತು. ಕೂಲಂಟ್ ಬರೀ ನೀರಲ್ಲ, ಅದರಲ್ಲಿ ಗ್ಲೈಕಾಲ್ ಇರುತ್ತೆ, ಸೋಪಿನ ನೀರಿಗಿಂತ ಕಡೆ. ಕಪ್ಪು ಡಾಂಬರಿನ ಮೇಲೆ ಅದು ಕಾಣುವುದೂ ಇಲ್ಲ. ಜಾರುವ ಜಾಗ ಇದ್ದರೆ ತೋರಿಸಲು ಹಳದಿ ಮೇಲೆ ಕೆಂಪು ಪಟ್ಟೆಯ ಬಾವುಟ ಇದೆ. ಅದನ್ನು ಮಾರ್ಷಲ್ ಎತ್ತುವಷ್ಟರಲ್ಲಿ ನಾನು ತಿರುವಿನೊಳಗೆ ಇದ್ದೆ.

ಮೊದಲು ಮುಂದಿನ ಚಕ್ರಗಳು ಜಾರಿದವು. ಸ್ಟೀರಿಂಗ್ ಹಗುರಾಯಿತು, ಖಾಲಿ ಬಾವಿಯ ಗಡಗಡೆ ತಿರುಗಿಸಿದ ಹಾಗೆ. ಕಾರು ನೇರ ಹೋಗುತ್ತಿದೆ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಚಕ್ರಗಳು ಒಣ ನೆಲ ಮುಟ್ಟಿ ಗಪ್ಪನೆ ಕಚ್ಚಿಕೊಂಡವು. ಆದರೆ ಈಗ ಹಿಂದಿನ ಚಕ್ರಗಳು ಕೂಲಂಟ್ ಮೇಲೆ! ಮೂತಿ ತಿರುಗಿತು, ಬಾಲ ನಿಲ್ಲಲಿಲ್ಲ. ಎದುರಿಗಿದ್ದ ಡಾಂಬರು ಪಕ್ಕಕ್ಕೆ ಸರಿಯಿತು, ಹುಲ್ಲು ಬಂತು, ಆಕಾಶ ಬಂತು, ಆಮೇಲೆ ನಾನು ಬಂದ ದಾರಿಯೇ ಎದುರಿಗೆ ಬಂತು.

"ಕಾರು ಪೂರ್ತಿ ತಿರುಗೋಕೆ ಶುರುವಾದರೆ ಎರಡೂ ಕಾಲು ಒಳಗೆ" ಅಂತ ಬೆಳಿಗ್ಗೆ ಪಾಠ ಹೇಳಿದ್ದರು. ಅಂದರೆ ಕ್ಲಚ್ಚು, ಬ್ರೇಕು ಎರಡನ್ನೂ ತಳಕ್ಕೆ ಒತ್ತಿಬಿಡಬೇಕು. ಅರ್ಧ ದಾರಿಯಲ್ಲಿ ಚಕ್ರಕ್ಕೆ ಮತ್ತೆ ಹಿಡಿತ ಸಿಕ್ಕು ಕಾರು ಎದುರು ದಿಕ್ಕಿಗೆ ಚಿಮ್ಮಬಾರದು ಅಂತ. ಒತ್ತಿದೆ. ಹುಲ್ಲಿನ ಮೇಲೆ ಸರಸರ ಅಂತ ಹಿಮ್ಮುಖವಾಗಿ ಜಾರಿ ಕಾರು ನಿಂತಿತು. ಎಲ್ಲ ಸೇರಿ ನಾಲ್ಕು ಸೆಕೆಂಡ್ ಇರಬಹುದು. ಯಾವುದಕ್ಕೂ ಬಡಿಯಲಿಲ್ಲ, ಯಾರೂ ನನಗೆ ಬಡಿಯಲಿಲ್ಲ. ಮಾರ್ಷಲ್ ದೂರದಿಂದಲೇ "ಇಳೀಬೇಡ, ಒಳಗೇ ಕೂತಿರು" ಅಂತ ಕೈ ಮಾಡಿದ. ಕೆಂಪು ಬಾವುಟ ಬಂತು, ಎಲ್ಲ ಕಾರುಗಳೂ ನಿಧಾನವಾಗಿ ಒಳಗೆ ಹೋದವು.

ನನಗೆ ವಿಶೇಷ ಅನಿಸಿದ್ದು ಆಮೇಲೆ ನಡೆದದ್ದು. ಕೈ ಇನ್ನೂ ನಡುಗುತ್ತಿತ್ತು, ಒಬ್ಬ ಬಂದು ಪುಸ್ತಕ ಹಿಡಿದು ಕೇಳಿದ. ಮೊದಲು ಎಲ್ಲಿ ಜಾರಿತು? ಬಾವುಟ ಕಾಣಿಸಿತಾ? ಯಾವ ಕಡೆಯ ಚಕ್ರ ಮೊದಲು? ಇನ್ನಿಬ್ಬರು ತಿರುವಿನಲ್ಲಿ ಬಗ್ಗಿ ಬೆರಳಿನಿಂದ ಡಾಂಬರು ಮುಟ್ಟಿ ನೋಡಿದರು. ಸಿಮೆಂಟ್ ಪುಡಿ ಉದುರಿಸಿ ಗುಡಿಸಿದರು. ಹೋಸ್ ಒಡೆದ ಕಾರನ್ನು ಹುಡುಕಿ ಪಕ್ಕಕ್ಕೆ ನಿಲ್ಲಿಸಿದರು. ನನ್ನ ಕಾರನ್ನು ಮತ್ತೊಮ್ಮೆ ತಪಾಸಣೆ ಮಾಡಿದರು. ಅರ್ಧ ಗಂಟೆಯಲ್ಲಿ ಟ್ರ್ಯಾಕ್ ಮತ್ತೆ ತೆರೆಯಿತು.

ಊರಿಗೆ ಬಂದು ಮಾವನಿಗೆ ಇದನ್ನೆಲ್ಲ ಹೇಳಿದೆ. ಮಾವ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದವರು. ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು, ಆದರೂ ಯಾವ ವಿಷಯ ಎತ್ತಿದರೂ ಅವರು ಅದನ್ನು ಲೇತಿನ ಮೇಲೇ ಕೂರಿಸೋದು. ಟೈರಿನ ಹಿಡಿತದ ಬಗ್ಗೆ ನಾನು ಹೇಳುತ್ತಿದ್ದೆ. ಒಂದು ಟೈರು ನೆಲ ಮುಟ್ಟೋದು ಅಂಗೈಯಷ್ಟು ಜಾಗದಲ್ಲಿ. ನಾಲ್ಕು ಅಂಗೈ, ಅಷ್ಟರ ಮೇಲೇ ಇಡೀ ಕಾರು. ಇರೋ ಹಿಡಿತವನ್ನೇ ಬ್ರೇಕಿಗೂ ತಿರುವಿಗೂ ಹಂಚಬೇಕು. ಒಂದಕ್ಕೆ ಪೂರ್ತಿ ಕೊಟ್ಟರೆ ಇನ್ನೊಂದಕ್ಕೆ ಉಳಿಯಲ್ಲ.

"ಗೊತ್ತಲೇ" ಅಂದರು ಮಾವ. "ಟೂಲಿಗೆ ಇರೋದು ಒಂದಿಷ್ಟೇ ತಾಕತ್ತು. ಫೀಡ್ ಜಾಸ್ತಿ ಕೊಟ್ರೆ ಕಟ್ ಕಮ್ಮಿ ಮಾಡ್ಬೇಕು. ಎರಡೂ ಬೇಕು ಅಂದ್ರೆ ಟೂಲ್ ಮುರೀತೈತೆ."

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಅದೇನಂದೆ? ಬಗ್ಗಿ ಬೆರಳಿಂದ ನೆಲ ಮುಟ್ಟಿ ನೋಡಿದ್ರಾ?"

"ಹೂಂ ಮಾವ."

"ನಮ್ಮೋನಿಗೆ ಯಾರೂ ನೋಡ್ಲಿಲ್ಲ ನೋಡು."

ಆ 'ನಮ್ಮೋನು' ಯಾರು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಾವನ ಪಕ್ಕದ ಲೇತಿನಲ್ಲಿ ನಿಲ್ಲುತ್ತಿದ್ದ ಗೆಳೆಯ. ದಾವಣಗೆರೆಯಿಂದ ದಿನಾ ಸ್ಕೂಟರಿನಲ್ಲಿ ಬರುತ್ತಿದ್ದವರು. ತೊಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ ಮೊದಲ ಪಾಳಿಗೆ ಬರುವಾಗ, ದೊಡ್ಡಬಾತಿ ದಾಟಿದ ಮೇಲೆ, ಸ್ಕೂಟರ್ ಜಾರಿ ಬಿದ್ದು ತೀರಿಕೊಂಡರು. ರಾತ್ರಿ ಯಾವುದೋ ಲಾರಿಯಿಂದ ತಿರುವಿನಲ್ಲಿ ಮರಳು ಚೆಲ್ಲಿತ್ತಂತೆ. ಪೇಪರಿನಲ್ಲಿ ಮೂರೇ ಸಾಲು ಬಂದಿತ್ತು. 'ಸವಾರನ ನಿಯಂತ್ರಣ ತಪ್ಪಿ...' ಮಾವ ಇವತ್ತಿಗೂ ಆ ಸಾಲನ್ನು ಒಪ್ಪುವುದಿಲ್ಲ. "ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಕೆಲಸ ಮಾಡೋ ಕೈ ಅದು. ಅವನ ನಿಯಂತ್ರಣ ತಪ್ಪೋದು ಅಂದ್ರೇನಲೇ?" ಎಷ್ಟೋ ಸಲ ಕೇಳಿದ ಮಾತು. ಗೆಳೆಯನ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಾರೆ ಅಂತ ನಾವೆಲ್ಲ ಸುಮ್ಮನಿರುತ್ತಿದ್ದೆವು.

ಆ ದಿನ ಅದು ಬೇರೆ ಥರ ಕೇಳಿಸಿತು. ಅವರಿಗೂ ನನಗೂ ಆಗಿದ್ದು ಒಂದೇ. ಚಕ್ರದ ಕೆಳಗಿನ ನೆಲ ಹೇಳದೆ ಕೇಳದೆ ಬದಲಾಗಿತ್ತು. ಉಳಿದದ್ದೆಲ್ಲ ಬೇರೆ. ನನ್ನ ತಿರುವಿನ ಪಕ್ಕ ಹುಲ್ಲಿತ್ತು, ಅವರ ತಿರುವಿನ ಪಕ್ಕ ಎದುರಿನಿಂದ ಬರುವ ವಾಹನಗಳಿದ್ದವು. ನನ್ನ ಹಿಂದೆ ಬರುವವರನ್ನು ಬಾವುಟ ತಡೆಯಿತು. ಅವರ ಹಿಂದೆ ಬಂದವರನ್ನು ತಡೆಯಲು ರಸ್ತೆಗೆ ಅಡ್ಡ ನಿಂತ ಯಾರೋ ಹಳ್ಳಿಯವರು ಮಾತ್ರ ಇದ್ದರು.

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರ್. ಹಳೇ ಪಿ.ಬಿ. ರಸ್ತೆಯೂ ಇದೆ, ಮೊದಲು ಎನ್‌ಎಚ್ 4 ಆಗಿದ್ದು ಈಗ 48 ಆಗಿರುವ ಹೆದ್ದಾರಿಯೂ ಇದೆ. ಮೆಕ್ಕೆಜೋಳದ ಕಾಲದಲ್ಲಿ ಬಂದು ನೋಡಿ, ಸರ್ವಿಸ್ ರಸ್ತೆಗಳ ಮೇಲೆ ಚಿನ್ನ ಹರವಿದ ಹಾಗೆ ಕಾಳು ಒಣಗುತ್ತಿರುತ್ತದೆ. ಸುತ್ತ ಕಲ್ಲು ಇಟ್ಟಿರುತ್ತಾರೆ. ಹಗಲಿಗೆ ಚೆಂದ. ರಾತ್ರಿ ಬೈಕಿನವನಿಗೆ ಆ ಕಲ್ಲು ಕಾಣುವುದಿಲ್ಲ, ಕಾಳು ಚಕ್ರದ ಕೆಳಗೆ ಗೋಲಿಯಂತೆ ಉರುಳುತ್ತದೆ. ರೈತನನ್ನು ಬೈದು ಮುಗಿಸುವ ಹಾಗೂ ಇಲ್ಲ. ಊರಲ್ಲಿ ಕಣ ಉಳಿದಿಲ್ಲ, ತೇವ ಇದ್ದರೆ ಮಂಡಿಯಲ್ಲಿ ರೇಟು ಕಡಿಮೆ, ಡಾಂಬರಿಗಿಂತ ಬೇಗ ಒಣಗಿಸುವ ಜಾಗ ಅವನಿಗೆ ಎಲ್ಲಿದೆ? ಒಣಗಿಸಲು ಕಾಂಕ್ರೀಟ್ ಕಣ ಇಲ್ಲದ ಊರಿನಲ್ಲಿ ರಸ್ತೆಯೇ ಕಣ.

ಲೆಕ್ಕ ಬೇಕಿದ್ದರೆ ಕೇಳಿ. ನೂರರ ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅಪಾಯ ಕಂಡು ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡ್ ಹಿಡಿದರೆ ಅಲ್ಲಿಗೇ 28 ಮೀಟರ್ ಮುಗಿಯಿತು. ಒಳ್ಳೆ ಟೈರು, ಒಣ ರಸ್ತೆ ಇದ್ದರೂ ನಿಲ್ಲಲು ಇನ್ನೂ 40 ಮೀಟರಿಗೆ ಮೇಲೆ ಬೇಕು. ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಲೋ ಬೀಮ್‌ನಲ್ಲಿ ಅಷ್ಟು ದೂರದಿಂದ ಕಾಣುತ್ತದಾ? ನೀವೇ ಹೇಳಿ.

ದಾವಣಗೆರೆಯವರು ಮರೆಯಲಾಗದ ದಿನ ಒಂದಿದೆ. 2021ರ ಜನವರಿ 15, ಸಂಕ್ರಾಂತಿಯ ಮರುದಿನ. ಶಾಲೆಯಲ್ಲಿ ಜೊತೆಗೆ ಓದಿದ ನಮ್ಮೂರಿನ ಗೆಳತಿಯರು ಗೋವಾಕ್ಕೆ ಹೊರಟಿದ್ದ ಟೆಂಪೋ ಟ್ರಾವೆಲರ್, ಧಾರವಾಡದ ಹತ್ತಿರ ಇಟಿಗಟ್ಟಿಯಲ್ಲಿ ಟಿಪ್ಪರಿಗೆ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜನ ಹೋದರು. ಪುಣೆ ಬೆಂಗಳೂರು ಹೆದ್ದಾರಿ ಉಳಿದೆಡೆ ಅಗಲವಾಗಿದ್ದರೂ ಹುಬ್ಬಳ್ಳಿ ಧಾರವಾಡ ಬೈಪಾಸ್ ಮಾತ್ರ ಆಗ ಎರಡೇ ಪಥದ ರಸ್ತೆ, ನಡುವೆ ಡಿವೈಡರ್ ಇಲ್ಲ. ಅಲ್ಲಿ ಒಬ್ಬರ ಒಂದು ಕ್ಷಣಕ್ಕೂ ಇನ್ನೊಬ್ಬರ ಪ್ರಾಣಕ್ಕೂ ಮಧ್ಯೆ ಇದ್ದದ್ದು ಬಿಳಿ ಬಣ್ಣದ ಗೆರೆ. ಆ ವಾರ ನಮ್ಮೂರಿನ ಎಷ್ಟೋ ಓಣಿಗಳಲ್ಲಿ ಮಾತೇ ಇರಲಿಲ್ಲ. ರಸ್ತೆ ಅಗಲ ಮಾಡುವ ಮಾತಿಗೆ ಜೋರು ಬಂದದ್ದು ಅದಾದ ಮೇಲೆ.

ಹಾಗಂತ ಟ್ರ್ಯಾಕ್ ಅಂದರೆ ಸ್ವರ್ಗ ಅಂತಲೂ ನಾನು ಹೇಳುತ್ತಿಲ್ಲ. ನಾನು ಹೋಗಿ ಬಂದ ಎರಡೇ ತಿಂಗಳಿಗೆ, 2023ರ ಜನವರಿ 8ರಂದು, ಚೆನ್ನೈ ಟ್ರ್ಯಾಕಿನಲ್ಲಿ ಹಿರಿಯ ರೇಸರ್ ಕೆ.ಇ. ಕುಮಾರ್ ರೇಸಿನ ವೇಳೆಯ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 5ರಂದು ಅದೇ ಟ್ರ್ಯಾಕಿನಲ್ಲಿ ಬೆಂಗಳೂರಿನ ಬೈಕ್ ರೇಸರ್ ಶ್ರೇಯಸ್ ಹರೀಶ್ ಹೋದ. ಹದಿಮೂರು ವರ್ಷದ ಹುಡುಗ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಲ್ಲು, ಬಾವುಟ, ಆಂಬುಲೆನ್ಸ್ ಎಲ್ಲ ಇದ್ದರೂ ಇಷ್ಟು ಅಪಾಯ ಇದೆ ಅಂದಮೇಲೆ ಅದ್ಯಾವುದೂ ಇಲ್ಲದ ಕಡೆ?

ಟ್ರ್ಯಾಕ್ ಕಟ್ಟುವವನು ಒಂದಲ್ಲ ಒಂದು ದಿನ ಇಲ್ಲಿ ಕಾರು ಜಾರಿಯೇ ಜಾರುತ್ತದೆ ಅಂತ ಮೊದಲೇ ಒಪ್ಪಿಕೊಂಡಿರುತ್ತಾನೆ. ಅದಕ್ಕೇ ಪಕ್ಕದಲ್ಲಿ ಜಾಗ ಬಿಡುತ್ತಾನೆ. ನಮ್ಮ ರಸ್ತೆಗಳನ್ನು ಯಾರೂ ಎಂದೂ ಜಾರುವುದೇ ಇಲ್ಲ ಅನ್ನುವ ಧೈರ್ಯದಲ್ಲಿ ಕಟ್ಟಿದ ಹಾಗಿದೆ. ಜಾರಿದ ಮೇಲೆ ಟ್ರ್ಯಾಕಿನಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ನಮ್ಮಲ್ಲಿ 'ಚಾಲಕನ ನಿಯಂತ್ರಣ ತಪ್ಪಿ' ಅಂತ ಬರೆದ ಕೂಡಲೇ ಮುಗಿಯುತ್ತವೆ. ಸರಿ, ತಪ್ಪಿತು. ಯಾಕೆ ತಪ್ಪಿತು? ಕುಡಿದಿದ್ದನೋ, ನಿದ್ದೆಗೆಟ್ಟಿದ್ದನೋ, ಟೈರು ಸವೆದಿತ್ತೋ, ಮರಳಿತ್ತೋ, ಕಾಳಿತ್ತೋ? ಜಾರಿದ ಮೇಲೆ ಬದುಕಿಕೊಳ್ಳಲು ಪಕ್ಕದಲ್ಲಿ ಎಷ್ಟು ಅಡಿ ಇತ್ತು?

ಮಾವ ಇದನ್ನೇ ಅವರ ಭಾಷೆಯಲ್ಲಿ ಹೇಳಿದರು. "ಕಾರ್ಖಾನೆಯಾಗೆ ಒಂದು ಜಾಬ್ ರಿಜೆಕ್ಟ್ ಆದ್ರೆ 'ಕೆಲಸಗಾರನ ಕೈ ತಪ್ಪಿ' ಅಂತ ಬರೆದು ಮನೆಗೆ ಹೋಗ್ತಿರಲಿಲ್ಲ. ಟೂಲ್ ನೋಡು, ಚಕ್ ನೋಡು, ಮಾಲು ನೋಡು. ಎಲ್ಲಾ ನೋಡಿದ ಮ್ಯಾಲೆ ಕೊನೇಗೆ ಕೈ. ಕಬ್ಬಿಣದ ತುಂಡಿಗೆ ಅಷ್ಟು ಮರ್ಯಾದೆ ಕೊಡ್ತಿದ್ವಿ."

ನನ್ನ ಕೈಲಾದ ಎರಡು ಕೆಲಸ ಮಾಡಿದ್ದೇನೆ. ಮನೆಯ ಎಲ್ಲ ಗಾಡಿಗಳ ಟೈರಿನ ವಯಸ್ಸು ನೋಡಿದೆ. ಟೈರಿನ ಪಕ್ಕೆಯಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ, 2318 ಅಂದರೆ 2018ರ 23ನೇ ವಾರ ತಯಾರಾದದ್ದು. ನೀವೂ ಒಮ್ಮೆ ಬಗ್ಗಿ ನೋಡಿ. ಇನ್ನೊಂದು, ಮಾವನನ್ನು ಕೂರಿಸಿಕೊಂಡು ಹಳೇ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಬಂದೆ. ಎಲ್ಲೆಲ್ಲಿ ಮರಳು ನಿಲ್ಲುತ್ತದೆ, ಎಲ್ಲಿ ದೀಪ ಇಲ್ಲ, ಎಲ್ಲಿ ಅಡ್ಡದಾರಿಯಿಂದ ಬೈಕು ನುಗ್ಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದೆವು. ಸಂಬಂಧಪಟ್ಟ ಕಚೇರಿಗೆ ಕೊಟ್ಟೆವು, ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಏನಾಗುತ್ತದೋ ನೋಡೋಣ. ಮಾವ ಆ ಸೀಲು ಬಿದ್ದ ಪ್ರತಿಯನ್ನು ಮಡಿಚಿ, ಕಾರ್ಖಾನೆಯ ಹಳೇ ಗುರುತಿನ ಚೀಟಿ ಇಟ್ಟಿರುವ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾರೆ.

ಇನ್ನೊಮ್ಮೆ ಪೇಪರಿನಲ್ಲಿ ನಿಮ್ಮೂರಿನ ಹೆಸರಿನ ಜೊತೆ ಆ ಮೂರು ಪದ ಕಂಡರೆ, ಸಾಧ್ಯವಾದರೆ ಆ ಜಾಗಕ್ಕೆ ಹೋಗಿ ಒಮ್ಮೆ ನೆಲ ಮುಟ್ಟಿ ನೋಡಿ. ಏನು ಸಿಕ್ಕಿತು ಅಂತ ನಮಗೂ ಹೇಳಿ...