ಕಂಬಳಿಯ ಮನೆಯೂ ಕಾಗದದ ನೆಲವೂ

ಮನೆಯೆಂಬುದು ಸ್ಥಾವರವಸ್ತು, ವ್ಯವಹಾರಜ್ಞರು ಅದನ್ನು ನೆಲದೊಡನೆಯೇ ಎಣಿಸುವರು. ಮಂಗೋಲಿಯಾ ದೇಶದ ಪಶುಪಾಲಕನ ಮನೆಯಾದರೋ ಜಂಗಮವಾದುದು. ಮಡಿಸಬಲ್ಲ ಮರದ ಜಾಲರಿಯ ಗೋಡೆ, ನೆತ್ತಿಯಲ್ಲಿ ಬೆಳಕು ಬರುವುದಕ್ಕೂ ಹೊಗೆ ಹೋಗುವುದಕ್ಕೂ ಒಂದು ಚಕ್ರ, ಸುತ್ತಲೂ ಕುರಿಯ ಉಣ್ಣೆಯನ್ನು ನೆನೆಸಿ ಒತ್ತಿ ಮಾಡಿದ ದಪ್ಪ ಕಂಬಳಿ, ದಕ್ಷಿಣಕ್ಕೆ ಬಾಗಿಲು. ಮನೆಮಂದಿಯೆಲ್ಲ ಕೈಹಾಕಿದರೆ ನಾಲ್ಕೈದು ಗಳಿಗೆಯಲ್ಲಿ ಎದ್ದು ನಿಲ್ಲುವುದು. ಅವರು ಇದನ್ನು ‘ಗೆರ್’ ಎನ್ನುವರು. ಹೊರಗೆ ರೂಢವಾದ ‘ಯುರ್ಟ್’ ಎಂಬ ಹೆಸರು ತುರ್ಕಿ ಭಾಷೆಗಳದು. ಅಲ್ಲಿ ಅದಕ್ಕೆ ಇರುವ ನೆಲೆ, ನಾಡು ಎಂಬ ಅರ್ಥಗಳೂ ಉಂಟು. ಮನೆಯ ಹೆಸರಿನೊಳಗೆ ನೆಲವು ಅಡಗಿ ಕುಳಿತಿರುವುದು ವಿನೋದವೇ ಸರಿ. ಏಕೆಂದರೆ ಕಾಯಿದೆಯು ವಿಚಾರಿಸುವುದು ಕಂಬಳಿಯನ್ನಲ್ಲ, ಅದರ ಕೆಳಗಿನ ನೆಲವನ್ನು.

ಹುಲ್ಲುಗಾವಲಿನಲ್ಲಿ ಈ ವಿಚಾರಣೆಯು ಹಗುರವಾದುದು. ಮೇವಿನ ನೆಲವನ್ನು ಖಾಸಗಿ ಸ್ವಾಮ್ಯಕ್ಕೆ ಕೊಡಲಾಗದೆಂದು 1992ರ ಸಂವಿಧಾನವೇ ವಿಧಿಸಿದೆ. ಬೇಸಗೆಯ ಮೇವು ಸರ್ವಸಾಮಾನ್ಯ. ಚಳಿಗಾಲದ ಬೀಡಿಗೆ ಮಾತ್ರ ಭೋಗಪತ್ರವನ್ನು ಪಡೆಯಬಹುದು.

ತೊಡಕಿರುವುದು ರಾಜಧಾನಿಯಾದ ಉಲಾನ್‌ಬಾತರಿನಲ್ಲಿ. 1999ರಿಂದ 2002ರವರೆಗೂ, ಮತ್ತೆ 2009-10ರಲ್ಲಿಯೂ ‘ಝುದ್’ ಎಂಬ ಕ್ರೂರವಾದ ಚಳಿಗಾಲವು ಹತ್ತಾರು ಲಕ್ಷ ಪಶುಗಳನ್ನು ಆಹುತಿ ತೆಗೆದುಕೊಂಡಿತು. ಮಂದೆಯಳಿದವನಿಗೆ ಹುಲ್ಲಿನಿಂದೇನು? ಅನೇಕರು ಗೆರ್ ಬಿಚ್ಚಿ ಲಾರಿಯ ಮೇಲೆ ಹೇರಿಕೊಂಡು ನಗರದ ಅಂಚಿನ ಗುಡ್ಡಗಳಿಗೆ ಬಂದರು. ಅಲ್ಲಿ ಗೆರ್ ಗಿಂತ ಮುಖ್ಯವಾದುದು ‘ಖಾಶಾ’, ಎಂದರೆ ಹಲಗೆಬೇಲಿಯ ಹಿತ್ತಲು. 2002ರ ಕಾಯಿದೆಯು ಪೌರರಿಗೆ ವಾಸದ ನೆಲವನ್ನು ಒಮ್ಮೆ ಉಚಿತವಾಗಿ ಕೊಡಲು ಒಪ್ಪಿತು. ರಾಜಧಾನಿಯಲ್ಲಿ ಅದರ ಮಿತಿ 0.07 ಹೆಕ್ಟೇರು; ಕರ್ಣಾಟಕದ ವಾಚಕರ ಲೆಕ್ಕದಲ್ಲಿ ಸುಮಾರು 7 ಗುಂಟೆ. ಆ ದೇಶದ ಭೂಶಾಸನದಲ್ಲಿ ಸ್ವಾಮ್ಯ, ಭೋಗ, ಉಪಯೋಗವೆಂದು ಮೂರು ಹಕ್ಕುಗಳು ಬೇರೆ ಬೇರೆ. ಆಗಮ ಭೋಗಗಳ ತಾರತಮ್ಯವನ್ನು ಕೂಲಂಕಷವಾಗಿ ಚರ್ಚಿಸಿದ ಭಾರತೀಯ ಸ್ಮೃತಿಕಾರರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು. ಬೇಲಿಯನ್ನು ಹಾಕಿದ ಮಾತ್ರಕ್ಕೆ ಯಾವ ಹಕ್ಕೂ ಹುಟ್ಟದು. ಅರ್ಜಿ, ಅಳತೆ, ನಕ್ಷೆ, ನೋಂದಣಿ ಇವೆಲ್ಲ ಆಗಬೇಕು. ಮಳೆನೀರು ನುಗ್ಗುವ ಹಳ್ಳದ ಪಾತ್ರದಲ್ಲಿ ಬೇಲಿ ಹಾಕಿದವನಿಗೆ ಪತ್ರವೂ ದೊರೆಯದು, ನಿದ್ರೆಯೂ ಬಾರದು.

ಇದರ ಮೇಲೆ ಮತ್ತೊಂದು ವಿಪತ್ತು. ನಗರದ ಹೊಗೆಯೂ ಜನಸಂದಣಿಯೂ ಮಿತಿಮೀರಿದುವೆಂದು 2017ರ ಜನವರಿಯಲ್ಲಿ ಹೊಸಬರ ಕಾಯಂ ನೋಂದಣಿಯನ್ನು ನಿಲ್ಲಿಸಲಾಯಿತು. ನಿಷೇಧವು ಮುಂದೆ 2020ರವರೆಗೆ ಬೆಳೆಯಿತು. ದೀರ್ಘಕಾಲದ ಚಿಕಿತ್ಸೆ ಬೇಕಾದವರಿಗೆ ವಿನಾಯತಿಯಿತ್ತು. ನಗರದಲ್ಲಿ ಮನೆಯನ್ನು ಕೊಂಡವರಿಗೂ ಇತ್ತು. ಹೊಗೆ ಸುಳ್ಳಲ್ಲ, ಕಲ್ಲಿದ್ದಲಿನ ಒಲೆಯಿಂದ ಮಕ್ಕಳ ಎದೆಗೆ ತಟ್ಟುವ ಕೇಡೂ ಸುಳ್ಳಲ್ಲ. ಆದರೂ ಮನೆಯನ್ನು ಕೊಂಡುಕೊಂಡವನು ಒಳಗೆ, ಮನೆಯನ್ನು ಹೊತ್ತುಕೊಂಡು ಬಂದವನು ಹೊರಗೆ ಎಂಬ ಈ ವಿಭಾಗವು ನ್ಯಾಯವೆಂದು ತೋರುವುದಿಲ್ಲ. ನೋಂದಣಿಯಿಲ್ಲದವನಿಗೆ ಮಗುವನ್ನು ಶಾಲೆಗೆ ಸೇರಿಸುವುದು ಕಷ್ಟ, ವೈದ್ಯಶಾಲೆಯಲ್ಲಿ ಸರದಿ ಕಷ್ಟ, ನೆಲದ ಅರ್ಜಿಯಂತೂ ಮುಂದೆ ಸರಿಯದು.

ಇಷ್ಟಾದರೂ ಬರುವವರು ಬಂದೇ ಬಂದರು. ಮೊದಲೇ ನೆಲೆನಿಂತ ಅಣ್ಣನೋ ಸೋದರಮಾವನೋ ತನ್ನ ಬೇಲಿಯ ಬಾಗಿಲನ್ನು ತೆರೆದನು. ಪಟ್ಟಿಯಲ್ಲಿ ಒಂದೇ ಕುಟುಂಬವಿದ್ದ ಖಾಶಾದಲ್ಲಿ ಸಂಜೆಯೊಳಗೆ ಎರಡನೆಯ ಗೆರ್ ಎದ್ದಿತು. ಅದರ ಬಾಗಿಲೂ ದಕ್ಷಿಣಕ್ಕೇ.